ಹಾರು ಹಿಟ್ಟು

ಹತ್ತು ಕೆಜಿ ಜ್ವಾಳ ಹಾಕಿದರ
ಒಂಬತ್ತು ಕೆಜಿ ಎಂಟ್ನೂರು ಗ್ರಾಂ ಬರತೈತಿ.
ಉಳಿದ ಇನ್ನೂರು ಎಲ್ಲಿ ಹೋತು ಅಂತ
ದಿನಕ್ಕೊಬ್ಬರಾದರೂ ಕೇಳತಾರ.
ಗ್ವಾಡಿ ತೋರಸ್ತೀನಿ. ಮ್ಯಾಲಿನ ಪತ್ರಾ ತೋರಸ್ತೀನಿ.
ನನ್ನ ಹುಬ್ಬು ತೋರಸ್ತೀನಿ.
ನಂಬೂದಿಲ್ಲ.
ಗಿರಣಿ ಕಸ್ತೂರಕ್ಕ ಮನಿಗೆ ಹಿಟ್ಟು ಕೊಳ್ಳೂದ ಇಲ್ಲ ನೋಡು
ಅನ್ನೋ ಮಾತು, ಬೆಲ್ಟಿನ ಸಪ್ಪಳ ದಾಟಿ
ನನ್ನ ಕಿವಿಗೂ ಬಿದ್ದೈತಿ.

ಹಳೇ ಬಾಗಲಕೋಟ್ಯಾಗ ಕೇಳತಿರಲಿಲ್ಲ.
ಅಲ್ಲಿ ಡಬ್ಬಿ ಮುಚ್ಚಳ ನೋಡಿದರ ಸಾಕು,
ಯಾರ ಮನಿದು, ಸಣ್ಣಗೋ ತರಿಯೋ, ನನಗ ಗೊತ್ತು.
ಹಿನ್ನೀರು ಬಂತು. ನವನಗರಕ್ಕ
ಮಶಿನ್ ತಂದ್ವಿ, ಕಲ್ಲು ತಂದ್ವಿ, ತಕ್ಕಡಿ ತಂದ್ವಿ.
ಗಿರಾಕಿನ್ನ ಹೇರಾಕ ಟ್ರ್ಯಾಕ್ಟರ್ ಸಿಗಲಿಲ್ಲ.
ಅವರು ಒಬ್ಬೊಬ್ಬರು ಒಂದೊಂದು ಸೆಕ್ಟರ್ ನಂಬರ್ ಆದರು.

ಕರೆಂಟಿನ ಬಿಲ್ಲಿಗೆ ಎರಡು ಬಾಯಿ:
ಗಿರಣಿ ತಿರುಗಿದರೂ ತಿಂತೈತಿ,
ತಿರುಗದಿದ್ದರೂ ತಿಂತೈತಿ.
ತಕ್ಕಡಿಗೆ ವರ್ಷಾ ಮುದ್ರಿ ಹಾಕಸಬೇಕು,
ಮುದ್ರಿ ಹಾಕಾವರು ಚಾ ಕುಡಿಯೂದಿಲ್ಲ, ಬ್ಯಾರೆ ಕೇಳತಾರ.
ಕೌಂಟರಿನ ಮ್ಯಾಲೆ ಒಂದು ಮಾತಾಡೋ ಡಬ್ಬಿ ಇಟ್ಟೀನಿ.
ಅದರೊಳಗಿನ ಹೆಂಗಸು ಪುಸ್ತಕದ ಕನ್ನಡದಾಗ
"ಇಪ್ಪತ್ತೈದು ರೂಪಾಯಿ ಸ್ವೀಕರಿಸಲಾಗಿದೆ" ಅಂತಾಳ.
ಉದ್ರಿ ಗಿರಾಕಿ ಬಂದಾಗ ಮಾತ್ರ
ನನ್ನಂಗ ಅಕಿನೂ ಸುಮ್ಮನ.

ಪರಸು ಡೆಲಿವರಿ ಗಾಡಿ ಹತ್ತಿ ಹ್ವಾದ.
ಮೂಗಿಗೆ ಕಟಗೊಳ್ಳೊ ವಸ್ತ್ರ ಮೊಳಿಗೆ ತೂಗಬಿಟ್ಟು ಹೋಗ್ಯಾನ,
ನಾಳೆ ಬರಾವನಂಗ.
ಈಗ ಸುರುವಾಕಿನೂ ನಾನ, ತೂಗಾಕಿನೂ ನಾನ,
ಜಗಳಾಡಾಕಿನೂ ನಾನ.

ಮಾಲಗಿತ್ತಿ ಅಕ್ಕೋರು ಕಂತಿನ ಮ್ಯಾಲೆ
ಫ್ರಿಜ್ಜಿನಷ್ಟು ಎತ್ತರದ ಮನಿಗಿರಣಿ ತಂದ್ರು.
ಎಂಟು ತಿಂಗಳು ಈ ಕಡೆ ಮುಖ ಮಾಡಲಿಲ್ಲ.
ಆಮ್ಯಾಲೆ ಒಂದಿನ, ಸೆರಗಿನಾಗ ಮುಚ್ಚಿಕೊಂಡು
ಐದು ಕೆಜಿ ಬ್ಯಾಡಗಿ ಮೆಣಸಿನಕಾಯಿ.
"ಅದರಾಗ ಖಾರ ಹಾಕಬಾರದಂತ, ಕಸ್ತೂರಾ."
ನಾನೂ ಹಾಕೂದಿಲ್ಲ, ಅನ್ನಬೇಕಂತ ಬಾಯಿ ತೆರದೆ.
ಸೀನು ಬಂತು.
ಹಾಕಿ ಕೊಟ್ಟೆ. ಮರುದಿನ ಹನ್ನೊಂದು ಮಂದಿ
ಚಪಾತಿ ಖಾರ ಆಗ್ಯಾವಂತ ಬಂದ್ರು.

ಇನ್ನ ಯಮನೂರಪ್ಪ.
ಎದುರಿಗೇ, ಬಣ್ಣಬಣ್ಣದ ಲೈಟು ಹಚ್ಚಿ, ಕೆಜಿಗೆ ನಾಕು ರೂಪಾಯಿ ಅಂತ ತೆರದ.
ನಂದು ಐದಿತ್ತು. ಮೂರೂವರಿಗೆ ಇಳಿದೆ.
ಅಂವಾ ಮೂರು ಅಂದ.
ಹದಿನೇಳು ದಿನ ಇಬ್ಬರೂ ಮಂದಿ ಜ್ವಾಳ ಬೀಸೂ ನೆವದಾಗ
ನಮ್ಮ ನಮ್ಮ ರೊಕ್ಕ ಬೀಸಿದ್ವಿ.
ಹದಿನೆಂಟನೇ ದಿನ ಸೋಮವಾರ,
ಯಾರೂ ಯಾರ ಜೋಡಿನೂ ಮಾತಾಡಿಲ್ಲ,
ಎರಡೂ ಬೋರ್ಡಿನ ಮ್ಯಾಲೆ ಸುಣ್ಣದಾಗ ಐದು.

ಶ್ರಾವಣದಾಗ ಅವನ ಕಲ್ಲು ಸವದ್ವು.
ಬಾಗಿಲ ಹೊರಗ ನಿಂತು ಕೇಳಿದ,
"ಕಲ್ಲಿಗೆ ಟಾಕಿ ಹೊಡ್ಯಾವರ ನಂಬರ್ ಐತೇನ್ರೀ?"
ದಾವಲಸಾಬಂದು ನನ್ನ ಬಾಯಾಗ ಇತ್ತು.
ಮನ್ಯಾಗ ಬರದಿಟ್ಟೀನಿ, ನೋಡತೀನಿ ಅಂದೆ.
ಎರಡು ದಿನ ಬಿಟ್ಟು ಕೊಟ್ಟೆ.
ಆ ಎರಡು ದಿನ ನನ್ನ ಕಟ್ಟಿ ಮ್ಯಾಲೆ ಡಬ್ಬಿ ಸಾಲು
ಹಳೇ ಊರಿನಂಗ ಇತ್ತು, ಸುಳ್ಳ್ಯಾಕ ಹೇಳಲಿ.

ಹೊಡ್ಯಾಕ ಬಂದ ದಾವಲಸಾಬ ನನ್ನ ಕಲ್ಲೂ ಮುಟ್ಟಿ ನೋಡಿ
"ನಿಮ್ಮವೂ ನುಣ್ಣಗ ಆಗ್ಯಾವಲ್ಲಬೇ" ಅಂದ.
ಮುಂದಿನ ತಿಂಗಳು, ಅಂದೆ.

ರಾತ್ರಿ ಬಾಗಲಾ ಮುಂದ ಮಾಡಿ ಕಸ ಹೊಡೀತೀನಿ.
ಗ್ವಾಡಿದು, ಪತ್ರಾದ್ದು, ಮಶಿನ್ ಕೆಳಗಿಂದು
ಕೂಡಿದರ ಅರ್ಧ ಬುಟ್ಟಿ.
ಪೋಸ್ಟರ್ ಹಚ್ಚೊ ಹುಡುಗ ಒಯ್ತಾನ,
ನೀರಾಗ ಕುದಿಸಿ ಅಂಟು ಮಾಡತಾನ. ಫುಕ್ಕಟ.

ಎದುರಿನ ಕಂಬದ ಮ್ಯಾಲೆ ನೋಡ್ರಿ,
ಯಮನೂರಪ್ಪನ "ಕೆಜಿಗೆ ನಾಕೇ ರೂಪಾಯಿ" ಚೀಟಿ.
ಎರಡು ಮಳಿಗಾಲ ಆತು,
ಒಂದು ಮೂಲಿನೂ ಎದ್ದಿಲ್ಲ.

ಇನ್ನೂರು ಗ್ರಾಂ ಎಲ್ಲಿ ಅಂದ್ರಲ್ಲ,
ಅಲ್ಲೈತಿ.